ನೀಲವ್ವ ಕೂಡಿಸಿದ ಫ್ಯಾನು

ನಾನು ಇಬ್ಬರೇ ಕೂಡಬಹುದಾದ, ಛಾವಣಿಯಿಲ್ಲದ ಒಂದು ಕೆಂಪು ಕಾರು. ನನ್ನನ್ನು ಮಾಡಿದವರು ಜೋರಾಗಿ ಓಡಲೆಂದು ಮಾಡಿದರು. ನಿಂತರೆ ಏನಾಗುತ್ತದೆ ಎಂದು ಅವರು ಅಷ್ಟಾಗಿ ಯೋಚಿಸಲಿಲ್ಲವೇನೋ.

ಕಡಲಾಚೆಯ ಒಂದು ಚಳಿಯ ಊರಿನ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಕೊನೆಯ ತಿರುಪು ಬಿಗಿದ ಕೆಲಸಗಾರ ನನ್ನ ಮೂತಿಯನ್ನು ಅಂಗೈಯಿಂದ ತಟ್ಟಿ ಹೊರಗೆ ಕಳಿಸಿದ. ಆ ಅಂಗೈ ತಣ್ಣಗಿತ್ತು. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಮುಟ್ಟಿದ ಕೈಗಳೆಲ್ಲ ಬೆಚ್ಚಗಿದ್ದವು, ಒಬ್ಬಳದನ್ನು ಬಿಟ್ಟು. ನಾನು ಹೇಳಬೇಕಾಗಿರುವುದು ಅವಳ ವಿಷಯವನ್ನೇ.

ಹಡಗಿನಲ್ಲಿ ಮುಂಬಯಿಗೆ ಬಂದೆ. ಬಟ್ಟೆ ಗಿರಣಿಯವರ ಮಗನೊಬ್ಬ ನನ್ನನ್ನು ಕಡಲ ದಂಡೆಯ ರಸ್ತೆಯಲ್ಲಿ ಹುಚ್ಚಾಪಟ್ಟೆ ಓಡಿಸಿದ. ಮದುವೆಯಾದ ಮೇಲೆ ದೊಡ್ಡ ಕಾರು ಕೊಂಡ. ಆಮೇಲೆ ಕೊಲ್ಹಾಪುರದ ಒಬ್ಬ ಪೈಲ್ವಾನನ ಕೈ ಸೇರಿದೆ. ಅವನ ಹೊಟ್ಟೆ ಸ್ಟೇರಿಂಗಿಗೆ ಒತ್ತುತ್ತಿತ್ತು, ತಿರುವು ಬಂದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದ. ಅವನಿಗೂ ಸಾಕಾಗಿ ನನ್ನನ್ನು ಗುಜರಿಗೆ ಹಾಕಿದ. ಅಲ್ಲಿ ನನ್ನ ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಯಿಟ್ಟು ಮರಿ ಮಾಡಿತು. ಆ ದಿನಗಳು ಕೆಟ್ಟವಾಗಿರಲಿಲ್ಲ.

ಹಳೆಯ ಸ್ಪೀಕರುಗಳನ್ನು ಹುಡುಕಿಕೊಂಡು ಅದೇ ಗುಜರಿಗೆ ಬಂದ ರಾಚಪ್ಪ ನನ್ನನ್ನು ನೋಡಿದ. ಅವನದು ಗದಗಿನಲ್ಲಿ ಮೈಕಿನ ಅಂಗಡಿ. ಮದುವೆ, ಭಾಷಣ, ನಾಟಕ, ಎಲ್ಲದಕ್ಕೂ ಅವನದೇ ಮೈಕು. ನನ್ನನ್ನು ಎಳೆಸಿಕೊಂಡು ಮನೆಗೆ ಬಂದಾಗ ಅವನ ಹೆಂಡತಿ ಸಿದ್ದವ್ವ ಬಾಗಿಲಲ್ಲೇ ನಿಂತಳು.

“ಇದು ಕಾರೇನ್ರಿ, ಕೋಳಿಗೂಡೇನ್ರಿ? ಮೂರನೇದವರು ಎಲ್ಲೆ ಕುಂದ್ರಬೇಕು?”

“ಮದಿಮಕ್ಕಳ ಮೆರವಣಿಗಿಗೆ ತಂದೀನಿ. ಮದಿಮಗಗ ಎಷ್ಟ ಜಾಗ ಬೇಕ? ಇನ್ನ ಮುಂದ ಅಂವ ಹೆಂಗೂ ಮೂಲ್ಯಾಗ ಕುಂದ್ರಾಂವ.”

ಒಳಗಿನಿಂದ ಯಾರೋ ನಕ್ಕರು. ಅವರ ಒಬ್ಬಳೇ ಮಗಳು ನೀಲವ್ವ. ಹೊರಗೆ ಬಂದು ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟಳು. ನಡು ಬೇಸಿಗೆ, ಆದರೂ ಆ ಕೈ ತಣ್ಣಗಿತ್ತು. ನನಗೆ ಹುಟ್ಟಿದೂರು ನೆನಪಾಯಿತು.

ನನ್ನನ್ನು ಮತ್ತೆ ಎಬ್ಬಿಸಿದವಳು ಅವಳೇ. ಮೈಕಿನ ತಂತಿಗಳ ನಡುವೆ ಬೆಳೆದ ಹುಡುಗಿಗೆ ನನ್ನ ತಂತಿಗಳೇನು ಲೆಕ್ಕ? ನಿಂತ ಕಾರಿನ ಎಂಜಿನ್ನನ್ನು ಹದಕ್ಕೆ ತರಲು ಅವಳದೇ ಒಂದು ರೀತಿಯಿತ್ತು. ಬಾಯಿ ಮುಚ್ಚಿ ಒಂದು ಸ್ವರ ಗುನುಗುತ್ತ ತಿರುಪನ್ನು ನಿಧಾನವಾಗಿ ತಿರುವುವಳು. ನನ್ನ ಸದ್ದು ಅವಳ ಸ್ವರಕ್ಕೆ ಕೂಡಿಕೊಂಡಾಗ ಕೈ ತೆಗೆಯುವಳು. ಹೀಗೆ ನಾನು ನಿಂತಲ್ಲಿ ಹೊರಡಿಸುವ ಸದ್ದು ಅವಳ ಸ್ವರವೇ ಆಯಿತು.

ಮೆರವಣಿಗೆಯಲ್ಲಿ ಮದುಮಕ್ಕಳು ನನ್ನ ಬೆನ್ನ ಮೇಲೆ ಕೂಡುತ್ತಿದ್ದರು. ನೀಲವ್ವ ಬ್ಯಾಂಡಿನವರ ಹಿಂದೆ ನಡಿಗೆಯ ವೇಗದಲ್ಲಿ ನನ್ನನ್ನು ಬಿಡುತ್ತಿದ್ದಳು. ಆ ವರ್ಷದ ಕೊನೆಯ ಮೆರವಣಿಗೆಯ ದಿನ ನನ್ನ ರೇಡಿಯೇಟರಿಗೆ ಗಾಳಿ ಹಾಕುವ ಫ್ಯಾನು ಸುಟ್ಟುಹೋಯಿತು. ನೀಲವ್ವ ಬೇರೊಂದು ಫ್ಯಾನು ತಂದು, ಮುಂದಿನ ಜಾಲರಿಯ ಹಿಂದೆ, ರೇಡಿಯೇಟರಿನ ಮುಂದೆ ಕೂಡಿಸಿದಳು. ತಂತಿಯ ಗಂಟು ಸಡಿಲವಾಗಬಾರದೆಂದು ತನ್ನ ಜಡೆಯ ಕೆಂಪು ರಿಬ್ಬನ್ನು ಬಿಚ್ಚಿ ಬಿಗಿಯಾಗಿ ಸುತ್ತಿ, ಮೇಲೆ ಟೇಪು ಹಾಕಿದಳು.

ಆಮೇಲೆ ಆಷಾಢ ಬಂತು, ಮದುವೆಗಳು ನಿಂತವು. ನಾನು ಶೆಡ್ಡಿನಲ್ಲಿದ್ದೆ. ನೀಲವ್ವನಿಗೆ ಜ್ವರ ಬಂತು. ಅವಳನ್ನು ಆಸ್ಪತ್ರೆಗೆ ಕರೆದೊಯ್ದ ರಿಕ್ಷಾದ ಸದ್ದು ನನಗೆ ಕೇಳಿಸಿತು. ವಾಪಸು ಬಂದ ಗಾಡಿ ಬೇರೆಯದಾಗಿತ್ತು. ಅಂಗಳದಲ್ಲಿ ಸಿದ್ದವ್ವ ಕೂಗಿದ ಕೂಗಿಗೆ ನನ್ನ ಗಾಜು ನಡುಗಿತು.

ಬಹಳ ದಿನ ಯಾರೂ ನನ್ನ ಹತ್ತಿರ ಬರಲಿಲ್ಲ. ಒಂದು ಸಂಜೆ ರಾಚಪ್ಪ ಬಂದು, ಬ್ಯಾಟರಿ ಕೆಟ್ಟೀತೆಂದೋ ಏನೋ, ನನ್ನನ್ನು ಚಾಲೂ ಮಾಡಿದ. ಮರುಗಳಿಗೆ ಅವನ ಕೈ ಕೀಲಿಯ ಮೇಲೇ ನಿಂತುಬಿಟ್ಟಿತು. ಅವನು ಕಿವಿಯಿಂದ ಬದುಕಿದವನು. ನನ್ನ ಸದ್ದಿನಲ್ಲಿ ಮಗಳ ಸ್ವರವಿರುವುದು ಅವನಿಗೆ ತಕ್ಷಣ ತಿಳಿಯಿತು.

ಅಂದಿನಿಂದ ದಿನಾ ಸಂಜೆ ಬರತೊಡಗಿದ. ಅಂಗಡಿಯಲ್ಲಿ ಜಾಹೀರಾತಿನ ಕ್ಯಾಸೆಟ್ಟಿಗೆ ಧ್ವನಿ ತುಂಬಿಸುವಾಗ ಹೊರಗಿನ ಗದ್ದಲ ಬಾರದಂತೆ ಕೋಣೆಯನ್ನು ಮುಚ್ಚುವುದು ಅವನ ರೂಢಿ. ಶೆಡ್ಡಿಗೂ ಹಾಗೆಯೇ ಮಾಡಿದ. ಗೋಡೆಗೆ ಗೋಣಿಚೀಲ ಬಡಿದ, ಬಾಗಿಲಿಗೆ ಕೌದಿಗಳನ್ನು ಇಳಿಬಿಟ್ಟ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದ. ಆಮೇಲೆ ನನ್ನನ್ನು ಚಾಲೂ ಮಾಡಿ ಕಣ್ಣು ಮುಚ್ಚಿ ಕೂಡುತ್ತಿದ್ದ.

ನನ್ನ ಹಿಂದಿನ ಕೊಳವೆಯಿಂದ ಬರುವುದು ಒಳ್ಳೆಯ ಹೊಗೆಯಲ್ಲ. ಬಯಲಲ್ಲಾದರೆ ಗಾಳಿಯಲ್ಲಿ ಕಲೆತುಹೋಗುತ್ತದೆ. ಮುಚ್ಚಿದ ಜಾಗದಲ್ಲಿ ಮನುಷ್ಯನ ನೆತ್ತರಿಗೆ ಇಳಿದು, ನಿದ್ದೆಯಂತೆ ಬಂದು, ಉಸಿರು ತೆಗೆದುಕೊಂಡು ಹೋಗುತ್ತದೆ. ಪ್ರತಿಯೊಂದು ಕಾರಿಗೂ ಇದು ಗೊತ್ತು. ಮಗಳನ್ನು ಕೇಳಿಸಿಕೊಳ್ಳುತ್ತಿದ್ದ ರಾಚಪ್ಪನಿಗೆ ಅದರ ಕಡೆ ಗಮನವೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನ ತಲೆ ವಾಲುತ್ತಿತ್ತು. ಆಗ ಪಕ್ಕದ ಸೀಟಿನ ಸ್ಪ್ರಿಂಗುಗಳು ತುಸು ಕೆಳಗಿಳಿಯುತ್ತಿದ್ದವು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಆದರೆ ನನಗೆ ಭಾರ ತಿಳಿಯುತ್ತದೆ, ಅದರಲ್ಲಿ ನಾನು ಮೋಸಹೋಗುವುದಿಲ್ಲ. ಆ ಭಾರ ತಣ್ಣಗಿತ್ತು.

ರಾಚಪ್ಪ “ಹ್ಞಾಂ, ಹೇಳವಾ” ಎನ್ನುವಷ್ಟರಲ್ಲಿ ನನ್ನೊಳಗಿನ ನೀರು ಕುದಿದು ಬುಸ್ಸೆಂದು ಉಕ್ಕುತ್ತಿತ್ತು. ಅವನು ಬೆಚ್ಚಿ ಎದ್ದು, ನನ್ನನ್ನು ಬಂದ್ ಮಾಡಿ, ಬೈಯುತ್ತ ಬಾಗಿಲು ತೆರೆಯುತ್ತಿದ್ದ. ತಾಜಾ ಗಾಳಿ ಒಳಗೆ ಬರುತ್ತಿತ್ತು. ದಿನಾ ಹೀಗೆಯೇ.

“ಮತ್ತ ತಲಿನೋವೇನು? ಆ ಬಂಡಿ ಗುಜರಿಗೆ ಹಾಕ್ರಿ” ಎಂದಳು ಸಿದ್ದವ್ವ ಒಂದು ದಿನ. “ಅದು ಬಂದ ಗಳಿಗಿ ಚಲೋ ಇಲ್ಲ.”

“ಅದರಾಗ ಆಕಿ ಧ್ವನಿ ಐತಿ.”

“ಹಡದಾಕಿ ನಾನು. ನನಗ ಕೇಳವಲ್ದು, ನಿಮಗ ಹೆಂಗ ಕೇಳಸ್ತೈತಿ?”

“ಆಕಿ ಏನೋ ಹೇಳಾಕ ಬರತಾಳ, ಅಷ್ಟರಾಗ ಈ ಮುರುಕ ಗಾಡಿ ಕುದಿತೈತಿ. ಇನ್ನೊಂದೀಟು ಹೊತ್ತು ನಿಂತ್ರ ಸಾಕು.”

ಮರುದಿನ ನನ್ನನ್ನು ದಾವಲಸಾಬನ ಗ್ಯಾರೇಜಿಗೆ ತಂದ. ದಾವಲಸಾಬ ಅವನ ಹಳೆಯ ಗೆಳೆಯ. ರೇಡಿಯೇಟರಿನ ಮುಚ್ಚಳ ನೋಡಿದ, ನೀರು ಸೋರುತ್ತದೆಯೇ ಎಂದು ಕೆಳಗೆ ಬಗ್ಗಿ ನೋಡಿದ. ನೀರಿಗೆ ದಾರಿ ಬಿಡುವ ಚಿಕ್ಕ ಬಾಗಿಲನ್ನು ಬಿಚ್ಚಿ, ಚಹಾದ ಪಾತ್ರೆಯಲ್ಲಿ ಕುದಿಸಿದ. ಬಿಸಿಗೆ ಅದು ಸರಿಯಾಗಿ ತೆರೆಯಿತು.

“ಆ ಪಾತ್ರ್ಯಾಗ ನನಗ ಚಹಾ ಮಾಡಬ್ಯಾಡೋ ಮತ್ತ” ಎಂದ ರಾಚಪ್ಪ.

“ನಿಮಗ ಅದರಾಗ ಮಾಡೂದು ಅಣ್ಣಾರ. ನಾ ಬಿಲ್ ಹೇಳೂದರಾಗ ನಿಮ್ಮ ನಾಲಗಿ ಬಿದ್ದಿರಬೇಕು.”

ದಾವಲಸಾಬ ನನ್ನನ್ನು ಹುಬ್ಬಳ್ಳಿ ರಸ್ತೆಯಲ್ಲಿ ಓಡಿಸಿ ನೋಡಿದ. ಓಡುವಾಗ ಕಾವು ತೋರಿಸುವ ಮುಳ್ಳು ಕೆಳಗಿಳಿಯಿತು. ತಂದು ನಿಲ್ಲಿಸಿದ ಕೂಡಲೇ ಮೇಲೇರಿತು.

“ಓಡೂಮುಂದ ಗಾಳಿ ತಾನ ಬರತೈತಿ. ನಿಂತಾಗ ಫ್ಯಾನು ಕೊಡಬೇಕು. ಫ್ಯಾನರ ತಿರಗಾಕತ್ತೈತಿ... ಅಲ್ಲ, ಇದನ್ನ ನಿಲ್ಲಿಸಿ ಚಾಲೂ ಯಾಕ ಇಡ್ತೀರಿ?”

“ಮೆರವಣಿಗಿಗೆ ಬೇಕಲ್ಲ” ಎಂದು ರಾಚಪ್ಪ ಸುಳ್ಳು ಹೇಳಿದ.

ದಾವಲಸಾಬ ಪೇಪರಿನ ಚೂರೊಂದನ್ನು ನನ್ನ ಜಾಲರಿಯ ಮುಂದೆ ಹಿಡಿದು ಬಿಟ್ಟ. ಅದು ಜಾಲರಿಗೆ ಅಂಟಿಕೊಳ್ಳಬೇಕಿತ್ತು. ಯಾರೋ ಊದಿದಂತೆ ಅವನ ಮುಖಕ್ಕೇ ಹಾರಿತು.

“ಉಲ್ಟಾ ತಿರಗಾಕತ್ತೈತ್ರಿ! ಒಳಗ ತಣ್ಣನ ಗಾಳಿ ಹಾಕೂದು ಬಿಟ್ಟು, ಎಂಜಿನ್ನಿನ ಕಾದ ಗಾಳಿನ ರೇಡಿಯೇಟರಿಗೆ ಎಳದು ಹೊರಗ ದಬ್ಬತೈತಿ. ಎರಡು ತಂತಿ ಅದಲಬದಲ ಆಗ್ಯಾವ.”

ಟೇಪು ಬಿಚ್ಚಿದ. ಒಳಗೆ ಕೆಂಪು ರಿಬ್ಬನ್ನು. ರಾಚಪ್ಪ ಹತ್ತಿರ ಬಂದು ಬಗ್ಗಿದ.

“ಆಕಿ ತಂತಿ ತಪ್ಪಾಂಗಿಲ್ಲೋ ದಾವಲಸಾಬ. ಸಣ್ಣಾಕಿ ಇದ್ದಾಗಿಂದ ಒಮ್ಮಿನೂ ತಪ್ಪಿಲ್ಲ.”

ದಾವಲಸಾಬ ಟೇಪಿನ ಚೂರನ್ನು ಬದಿಗಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, “ಬಿಚ್ಚಲೇನ್ರಿ? ಬ್ಯಾಡಂದ್ರ ಹಿಂಗ ಬಿಡ್ತೀನಿ.”

ರಾಚಪ್ಪ ಆ ಗಂಟಿನ ಮೇಲೆ ಬೆರಳಾಡಿಸಿದ. “ಬಿಚ್ಚು” ಎಂದ.

ತಂತಿಗಳು ಅದಲುಬದಲಾದವು. ಈ ಸಲ ಪೇಪರು ಹಾರಿ ಬಂದು ಜಾಲರಿಗೆ ಅಂಟಿಕೊಂಡಿತು. ನಾನು ನಿಂತೇ ಇದ್ದೆ, ಮುಳ್ಳು ನಡುವಿನಿಂದ ಮೇಲೇಳಲಿಲ್ಲ. ನನಗೆ ಇಷ್ಟು ಭಯ ಎಂದೂ ಆಗಿರಲಿಲ್ಲ.

ಆ ಸಂಜೆ ರಾಚಪ್ಪ ಮಿಂದು, ಬಿಳಿ ಅಂಗಿ ತೊಟ್ಟು ಬಂದ. ರಿಬ್ಬನ್ನನ್ನು ನನ್ನ ಮುಂದಿನ ಜಾಲರಿಗೆ ಕಟ್ಟಿದ. ಕೌದಿ ಇಳಿಬಿಟ್ಟ, ಸೀರೆ ತುರುಕಿದ, ಒಳಗೆ ಕೂತು ಕೀಲಿ ತಿರುವಿದ.

ನಾನು ನಿಂತಲ್ಲೇ ನೀಲವ್ವನ ಸ್ವರದಲ್ಲಿ ಗುನುಗತೊಡಗಿದೆ. ಕೀಲಿ ತಿರುವಿದ ಮೇಲೆ ಎಂಜಿನ್ನನ್ನು ನಿಲ್ಲಿಸಿಕೊಳ್ಳಲು ನನ್ನಿಂದಾಗುವುದಿಲ್ಲ. ದಿನಾ ನೀರು ಕುದಿಯುವ ಹೊತ್ತು ಬಂತು. ಕುದಿಯಲಿಲ್ಲ. ರಾಚಪ್ಪನ ತಲೆ ವಾಲಿತು. ಪಕ್ಕದ ಸೀಟು ಕೆಳಗಿಳಿಯಿತು, ಎಂದಿಗಿಂತ ಹೆಚ್ಚು.

“ಹೇಳವಾ” ಎಂದ ಅವನು. ತುಟಿ ಮಾತ್ರ ಆಡಿತು.

ಅವನ ಕೈ ಸ್ಟೇರಿಂಗಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಬೆರಳುಗಳು ಅಲುಗಲಿಲ್ಲ. ಒಮ್ಮೆಗೇ ಪಕ್ಕದ ಸೀಟು ಮೇಲೆದ್ದಿತು. ಯಾರೋ ಎದ್ದು ಹೋದಂತೆ. ನನ್ನ ಬಾನೆಟ್ಟಿನ ಮೇಲೆ, ಬಿಸಿ ತಗಡಿನ ಮೇಲೆ, ತಣ್ಣನೆಯ ಅಂಗೈಯಗಲದ ಜಾಗವೊಂದು ಮೂಡಿ ಮೂತಿಯ ಕಡೆಗೆ ಸರಿಯಿತು.

ಜಾಲರಿಗೆ ಕಟ್ಟಿದ ರಿಬ್ಬನ್ನು ಬಿಚ್ಚಿಕೊಂಡಿತು. ಫ್ಯಾನು ಈಗ ಒಳಕ್ಕೆ ಎಳೆಯುತ್ತಿತ್ತಲ್ಲ, ಆ ಗಾಳಿಗೆ ಗಂಟು ಸಡಿಲಾಯಿತು ಎಂದು ದಾವಲಸಾಬ ಆಮೇಲೆ ಹೇಳಿದ. ಇರಬಹುದು. ರಿಬ್ಬನ್ನು ಒಳಗೆ ಹೋಗಿ ಫ್ಯಾನಿನ ನಡುವಿಗೆ ಸುತ್ತಿಕೊಂಡಿತು, ಬಿಗಿಯಾಗಿ, ಸುತ್ತಿನ ಮೇಲೆ ಸುತ್ತು. ಫ್ಯಾನು ನರಳಿ ನಿಂತಿತು.

ಮುಳ್ಳು ಏರಿತು. ನೀರು ಕುದಿಯಿತು. ನಾನು ಎಂದೂ ಅಷ್ಟು ಬೇಗ ಕುದಿದಿರಲಿಲ್ಲ. ರಬ್ಬರಿನ ಕೊಳವೆ ಪಟಾಕಿಯ ಹಾಗೆ ಸಿಡಿಯಿತು, ಆವಿ ಶೆಡ್ಡು ತುಂಬಿತು, ನಾನು ಕೆಮ್ಮಿ ಕೆಮ್ಮಿ ನಿಂತೆ.

ರಾಚಪ್ಪ ಏಳಲಿಲ್ಲ. ಆದರೆ ಆ ಸದ್ದು ಕೌದಿಗಳನ್ನು ದಾಟಿ ಹೋಯಿತು. ಸಿದ್ದವ್ವ ಓಡಿ ಬಂದಳು. ಬಾಗಿಲಿಗೆ ಮೈಕೊಟ್ಟು ನೂಕಿ, ಕೌದಿ ಕಿತ್ತೆಸೆದು, ಗಂಡನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು.

“ಒಬ್ಬಾಕಿನ್ನ ಕಳಕೊಂಡು ಕುಂತೀನಿ, ನೀವೂ ಹೊಂಟ್ರೇನ್ರಿ? ಕಣ್ ತಗೀರಿ! ತಗೀರಿ ಅಂತೀನಿ!”

ಅವನು ವಾಂತಿ ಮಾಡಿಕೊಂಡ. ಆಮೇಲೆ ಉಸಿರಾಡಿದ. ಆಮೇಲೆ ಅತ್ತ. ಮಗಳು ಸತ್ತ ದಿನವೂ ಅವನು ಹಾಗೆ ಅತ್ತದ್ದು ನನಗೆ ಕೇಳಿಸಿರಲಿಲ್ಲ.

ಮರುದಿನ ದಾವಲಸಾಬ ಬಂದು ಶೆಡ್ಡಿನ ಬಾಗಿಲನ್ನೇ ಕಿತ್ತ. ನನ್ನ ಬ್ಯಾಟರಿ ತೆಗೆದ. ಫ್ಯಾನಿನ ನಡುವೆ ಕೈ ಹಾಕಿ ರಿಬ್ಬನ್ನು ಮುಟ್ಟಿದವನು, ಕತ್ತರಿಸದೆ ಕೈ ಹಿಂದೆ ತೆಗೆದುಕೊಂಡ.

ಈಗ ನಾನು ಅಂಗಳದ ಬೇವಿನ ಮರದ ಕೆಳಗಿದ್ದೇನೆ. ಟೈರುಗಳು ಮಣ್ಣಿಗೆ ಇಳಿದಿವೆ. ನನ್ನ ಕೆಂಪು ಬಣ್ಣ ಇಟ್ಟಿಗೆಯ ಬಣ್ಣವಾಗಿದೆ. ರಾಚಪ್ಪ ಸಂಜೆ ಬಂದು ಪಕ್ಕದಲ್ಲಿ ಕಟ್ಟೆಯ ಮೇಲೆ ಕೂಡುತ್ತಾನೆ, ಒಳಗೆ ಕೂಡುವುದಿಲ್ಲ. ನನ್ನನ್ನು ಗುಜರಿಗೆ ಹಾಕು ಎಂದು ಸಿದ್ದವ್ವ ಮತ್ತೆ ಹೇಳಲಿಲ್ಲ. ಅಂಗಳ ಗುಡಿಸುವಾಗ ನನ್ನ ಮೂತಿಯ ಧೂಳನ್ನೂ ಸೆರಗಿನಿಂದ ಒರೆಸುತ್ತಾಳೆ.

ನೀಲವ್ವ ಆ ತಂತಿಗಳನ್ನು ತಪ್ಪಿ ಜೋಡಿಸಿದ್ದಳೇ, ಅಥವಾ ನಾವು ಯಾರೂ ಕಾಣದ್ದು ಅವಳಿಗೆ ಮೊದಲೇ ಕಂಡಿತ್ತೇ? ಅವಳ ಕೈ ನನ್ನೊಳಗೆ ಇದ್ದಾಗಲೂ ನನಗೆ ಅದು ತಿಳಿಯಲಿಲ್ಲ. ಓಡುವುದಷ್ಟೇ ಬಲ್ಲ ನಾನು, ಕುದಿದು ನಿಂತು ಒಂದು ಜೀವಕ್ಕೆ ಆದೆ. ಅಷ್ಟು ಸಾಕು.

ಸಂಜೆ ಗಾಳಿ ಮುಂದಿನಿಂದ ಬೀಸುತ್ತದೆ. ಬ್ಯಾಟರಿ ಇಲ್ಲದಿದ್ದರೂ ನನ್ನ ಫ್ಯಾನು ಆ ಗಾಳಿಗೆ ವಿರುದ್ಧವಾಗಿ, ನೀಲವ್ವ ಕೂಡಿಸಿದಂತೆ ಹಿಂದಕ್ಕೆ, ಬಹಳ ನಿಧಾನವಾಗಿ ತಿರುಗುತ್ತದೆ. ಸುತ್ತಿದ ರಿಬ್ಬನ್ನು ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಿದೆ. ಅದರ ತುದಿ ನಿನ್ನೆ ಜಾಲರಿಯಿಂದ ಹೊರಗೆ ಬಂದಿತು. ಗುಡಿಸುತ್ತಿದ್ದ ಸಿದ್ದವ್ವ ಅದನ್ನು ಕಂಡಳು. ಪೊರಕೆ ಕೆಳಗಿಟ್ಟು, ಆ ತುದಿಯನ್ನು ಬೆರಳಲ್ಲಿ ಹಿಡಿದು, ಕಿವಿಯನ್ನು ನನ್ನ ಜಾಲರಿಗೆ ಒತ್ತಿ, ಬಹಳ ಹೊತ್ತು ನಿಂತಳು.

“ಹ್ಞಾಂ” ಎಂದಳು ಆಮೇಲೆ. “ಕೇಳಿಸ್ತು ನೀಲವ್ವಾ.”