ಮನೆಗೆ ಬಾರದ ಮಾತು

ನನ್ನ ಹೆಂಡತಿ ಮೊದಲು ಹೀಗಿರಲಿಲ್ಲ. ಒಂದೇ ಶಾಲೆಯಲ್ಲಿ ನಾನು ಗಣಿತ, ಅವಳು ಸಮಾಜ ಹೇಳಿಕೊಡುತ್ತಿದ್ದ ಕಾಲದಲ್ಲಿ ಸಂಜೆ ಗೇಟು ದಾಟಿದ್ದೇ ತಡ, ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಯಾವ ಹುಡುಗ ಯಾರ ಜಡೆ ಎಳೆದ, ಯಾವ ಮೇಷ್ಟ್ರು ಪಾಠದ ನಡುವೆ ತೂಕಡಿಸಿದರು, ಎಲ್ಲವೂ ಮನೆ ಮುಟ್ಟುವುದರೊಳಗೆ ನನ್ನ ಕಿವಿಗೆ ಬಿದ್ದಿರುತ್ತಿತ್ತು. ಡ್ರಿಲ್ ಮೇಷ್ಟ್ರ ನಡಿಗೆಯನ್ನು ನಡುರಸ್ತೆಯಲ್ಲೇ ನಡೆದು ತೋರಿಸುತ್ತಿದ್ದಳು. ನಾನು, "ಸಾಕು ನಿಲ್ಸೇ, ತಲೆ ಚಿಟ್ಟು ಹಿಡೀತು" ಎಂದು ಗದರುತ್ತಿದ್ದೆ. ಕೊಬ್ಬು ನೋಡಿ ನನಗೆ! ಮನೆಯಲ್ಲಿರುವವರು ನಾವಿಬ್ಬರೇ. ಅವಳು ಮಾತಾಡದಿದ್ದರೆ ಅಲ್ಲಿ ಮಾತಾಡುವುದು ಕುಕ್ಕರ್ ಒಂದೇ.

ಎಲ್ಲ ಕೆಟ್ಟದ್ದು ಅವಳು ಶಾಲೆಯ ಆಪ್ತ ಸಲಹೆಗಾರ್ತಿಯಾದ ಮೇಲೆ. ತರಬೇತಿ ಮುಗಿಸಿ ಬಂದವಳೇ ಸ್ಟೋರ್ ರೂಮಿನ ಪಕ್ಕದ ಕೋಣೆ ಹಿಡಿದಳು. ಮುರಿದ ಬೆಂಚುಗಳನ್ನು ಹೊರಗೆ ಹಾಕಿಸಿ, ಕಿಟಕಿಗೆ ಪರದೆ ಕಟ್ಟಿ, ಇಡೀ ವರ್ಷದ ಯೋಜನೆಯನ್ನು ಗೋಡೆಗೆ ಅಂಟಿಸಿದಳು. ಮೊದಲು ಎಲ್ಲ ತರಗತಿಗಳಿಗೂ ಹೋಗಿ ತನ್ನ ಮುಖ ಪರಿಚಯ ಮಾಡಿಕೊಳ್ಳುವುದು. ಆಮೇಲೆ ವಾರಕ್ಕೊಂದು ಪಾಠ: ಸಿಟ್ಟು ಬಂದರೆ ಏನು ಮಾಡಬೇಕು, ಗೆಳತಿಯರು ದೂರ ಮಾಡಿದರೆ ಯಾರಿಗೆ ಹೇಳಬೇಕು. ಒಂದೇ ಬಗೆಯ ಸಂಕಟವಿರುವ ಮಕ್ಕಳಿಗೆ ಸಣ್ಣ ಗುಂಪು. ಅದಕ್ಕೂ ಮೀರಿದ್ದಾದರೆ ಬಾಗಿಲು ಹಾಕಿಕೊಂಡು ಒಬ್ಬೊಬ್ಬರ ಜೊತೆ.

"ಇದಕ್ಕೆಲ್ಲಾ ಯೋಜನೆ ಬೇರೆ ಬೇಕಾ? ಅತ್ಕೊಂಡು ಬಂದ್ರೆ ಕಣ್ಣೊರೆಸಿ ಕಳ್ಸು" ಎಂದೆ.

"ಬೆಂಕಿ ಬಿದ್ದಾಗ ಬಾವಿ ತೋಡೋದಕ್ಕೆ ನಾನ್ಯಾಕೆ ಬೇಕು? ಅಳದೇ ಇರೋ ಮಗೂನೂ ನನ್ನ ಹತ್ರ ಬರ್ಬೇಕು ರೀ."

ವಾರವಾರದ ಆ ಪಾಠಕ್ಕೆ ಯಾರ ಪೀರಿಯಡ್ ಹೋಯಿತು ಅಂತೀರಿ? ನನ್ನದೇ. ಗಂಡನದಾದರೆ ಕೇಳುವ ಗೋಜೂ ಇಲ್ಲವಲ್ಲ!

ಪೀರಿಯಡ್ ಹಾಳಾಗಿ ಹೋಗಲಿ, ಮಾತೂ ಹೋಯಿತು. ಆ ಕೋಣೆಯಲ್ಲಿ ಕೇಳಿದ್ದು ಆ ಕೋಣೆಯಲ್ಲೇ ಉಳಿಯಬೇಕಂತೆ. ದಾರಿಯಲ್ಲಿ ನಾನು ಮೆಲ್ಲಗೆ ಕೆದಕುತ್ತಿದ್ದೆ.

"ಇವತ್ತು ಯಾರಾದ್ರೂ ಬಂದಿದ್ರಾ?"

"ಬಂದಿದ್ರು."

"ಏನಂತೆ?"

"ಗಾಳಿ ತಣ್ಣಗಿದೆ ಅಲ್ವಾ?"

"ಕಟ್ಕೊಂಡ ಗಂಡನ ಹತ್ರಾನೂ ಹೇಳ್ಬಾರ್ದೇನೇ?"

"ಗಂಡನ ಹತ್ರ ಮೊದ್ಲು ಹೇಳ್ಬಾರ್ದು. ಅದೇ ಮಕ್ಕಳಿಗೆ ನೀವು ಪಾಠ ಮಾಡ್ತೀರಿ."

ಸರಿ, ಗುಟ್ಟು ಬೇಡ, ಹಾಳು ಹರಟೆಯನ್ನಾದರೂ ಹೊಡೆಯಬಹುದಿತ್ತಲ್ಲ? ಅದೂ ಇಲ್ಲ. ಯಾವುದು ಹೊರಗೆ ಕೇಳಿದ್ದು, ಯಾವುದು ಒಳಗೆ ಕೇಳಿದ್ದು ಎಂದು ಆರಿಸುತ್ತ ಕೂರುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಸುಲಭ ಎಂದಳು. ಎರಡು ವರ್ಷ ಪಕ್ಕಪಕ್ಕದಲ್ಲೇ ನಡೆದೆವು. ಪಕ್ಕದಲ್ಲಿರುವವಳಿಗಾಗಿ ಹಂಬಲಿಸುವುದು ಏನೆಂದು ನನ್ನನ್ನು ಕೇಳಿ.

ಹೀಗಿರುವಾಗ ಹೆಡ್ ಮೇಡಂ ನನ್ನನ್ನು ಕರೆಸಿದರು. ಪಾಠಗಳು ಹಿಂದೆ ಬೀಳುತ್ತಿವೆ ಎಂದು ಪೋಷಕರ ತಕರಾರು. ಆಪ್ತ ಸಲಹೆಯ ಕಾರ್ಯಕ್ರಮ ಮುಂದುವರಿಸಬೇಕೋ ಬೇಡವೋ ಎಂದು ಮರುದಿನ ಸಭೆ. ನಿಲ್ಲಿಸಿದರೆ ನನ್ನ ಹೆಂಡತಿ ಮತ್ತೆ ಸಮಾಜ ಪಾಠಕ್ಕೆ.

"ಹೆಚ್ಚು ಪೀರಿಯಡ್ ಬಿಟ್ಕೊಟ್ಟಿರೋರು ನೀವು. ನಿಮ್ಮ ಮಾತೇ ಕೊನೆ ಮಾತು" ಎಂದರು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! 'ನಿಲ್ಲಿಸಿ' ಎಂಬ ಒಂದು ಮಾತು ಸಾಕು, ನನ್ನ ಹೆಂಡತಿ ನನಗೆ ವಾಪಸ್ಸು. ಹೊರಗೆ ಗಂಭೀರವಾಗಿ ತಲೆಯಾಡಿಸಿ, ಒಳಗೆ ಹಿಗ್ಗುತ್ತ ಅವಳ ಕೋಣೆಯ ಮುಂದೆ ಹೋಗಿ ಕಾದು ನಿಂತೆ.

ಬಾಗಿಲು ತೆರೆಯಿತು. ಬಂದವಳು ನನ್ನ ತರಗತಿಯ ಕೊನೆ ಬೆಂಚಿನ ಹುಡುಗಿ. ಕೆಲವು ತಿಂಗಳಿಂದ ಕರಿಹಲಗೆ ನೋಡುವುದನ್ನೇ ಬಿಟ್ಟಿದ್ದಳು, ನಾನು ಎಷ್ಟು ಕೂಗಾಡಿದರೂ ಪ್ರಯೋಜನವಾಗಿರಲಿಲ್ಲ. ನನ್ನನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಬಾಗಿಲು ಮುಚ್ಚಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು.

"ಸಾರ್, ಒಂದು ಕೇಳ್ಲಾ? ನೀವಿಬ್ರೂ ಒಟ್ಟಿಗೆ ಮನೆಗೆ ಹೋಗ್ತೀರಲ್ಲ, ಮಿಸ್ ನಿಮಗೆ ಎಲ್ಲಾ ಹೇಳ್ತಾರಾ?"

ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಹೇಳೋದಾ? ಅವಳಾ? ಎರಡು ವರ್ಷದಿಂದ ಗೋಗರೀತಾ ಇದ್ದೀನಿ ಕಣಮ್ಮ, ಒಂದಕ್ಷರ ಬಾಯಿ ಬಿಟ್ಟಿಲ್ಲ. ಕಲ್ಲನ್ನಾದ್ರೂ ಮಾತಾಡಿಸಬಹುದು!"

ಓದುವ ಹುಡುಗಿಯ ಮುಂದೆ ಇದೆಂಥ ಮಾತಾಡಿದೆ ಎಂದು ನಾಚಿಕೆಯಾಯಿತು. ಅವಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಜವಾಗ್ಲೂ?"

"ನಿಜವಾಗ್ಲೂ."

"ನಾನು ಹೀಗೆ ಕೇಳ್ದೆ ಅಂತ ಮಿಸ್‌ಗೆ ಹೇಳ್ಬೇಡಿ ಸಾರ್. ನಂಬಿಲ್ಲ ಅಂತ ಬೇಜಾರ್ ಮಾಡ್ಕೋತಾರೆ. ಮಾತು ಕೊಡಿ."

ಕೊಟ್ಟೆ. ಅವಳು ಹೋಗಿ ಮತ್ತೆ ಬಾಗಿಲು ತಟ್ಟಿದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಅಳು ಕೇಳಿಸಿತು, ತಿಂಗಳುಗಟ್ಟಲೆ ಕಟ್ಟಿಟ್ಟುಕೊಂಡಿದ್ದ ಅಳು. ನಾನು ದೂರ ಸರಿದು ನಲ್ಲಿಯ ಬಳಿ ನಿಂತೆ. ನನ್ನ ಹೆಂಡತಿಯ ಯಾವ ಮೌನ ನನ್ನ ಹೊಟ್ಟೆ ಉರಿಸುತ್ತಿತ್ತೋ ಅದನ್ನೇ ನಂಬಿ ಆ ಮಗು ಒಳಗೆ ಹೋಗಿತ್ತು. ಕತ್ತಲಾಗುವ ಹೊತ್ತಿಗೆ ಹೆಂಡತಿ ಹೊರಬಂದಳು, ಕಣ್ಣು ಕೆಂಪಗಿತ್ತು. ಅವತ್ತು ನಾನು ಏನೂ ಕೇಳಲಿಲ್ಲ.

ಮರುದಿನ ಸಭೆಯಲ್ಲಿ ಹೆಡ್ ಮೇಡಂ ಮೊದಲು ನನ್ನ ಕಡೆಗೇ ತಿರುಗಿದರು. ಎದ್ದು ನಿಂತೆ. "ನಿಲ್ಲಿಸಬಾರದು" ಎಂದೆ. "ಹಿಂದೆ ಬಿದ್ದ ಪಾಠಾನ ನಾನು ಬೆಳಿಗ್ಗೆ ಬೇಗ ಬಂದು ಮುಗಿಸ್ತೀನಿ. ಅವರಿಗೆ ಇನ್ನೊಂದು ಪೀರಿಯಡ್ ಬೇಕಿದ್ರೆ ಅದನ್ನೂ ತಗೊಳ್ಳಲಿ."

"ಪಾಪ, ಮನೇಲಿ ಊಟ ಸಿಗ್ಬೇಕಲ್ಲ!" ಎಂದರು ಡ್ರಿಲ್ ಮೇಷ್ಟ್ರು. ಎಲ್ಲರೂ ನಕ್ಕರು. ನನ್ನ ಹೆಂಡತಿ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಕಾರ್ಯಕ್ರಮ ಉಳಿಯಿತು.

ಸಂಜೆ ರಸ್ತೆಗೆ ಬಂದದ್ದೇ ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ನೀವು ಬೇಡ ಅಂತೀರಿ ಅಂದ್ಕೊಂಡು ರಾತ್ರಿಯೆಲ್ಲಾ ನಿದ್ದೆ ಇಲ್ಲ ನನಗೆ. ಏನಾಯ್ತು ರೀ? ಯಾಕೆ ಮನಸ್ಸು ಬದಲಾಯ್ತು? ಹೇಳಿ, ಹೇಳಿ!"

ಎರಡು ವರ್ಷದಲ್ಲಿ ಅವಳು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಮುಖವೆಲ್ಲ ಅರಳಿತ್ತು. ನಾನು ಒಂದು ಎಳೆ ಬಿಚ್ಚಿದ್ದರೆ ಸಾಕು, ಮನೆಯವರೆಗೂ ಮಾತು, ಮನೆಯಲ್ಲೂ ಮಾತು. ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ಹೇಳೋಕಾಗಲ್ಲ ಕಣೇ. ಒಬ್ರಿಗೆ ಮಾತು ಕೊಟ್ಟಿದ್ದೀನಿ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಲೆಯಾಡಿಸಿ ನಡೆಯತೊಡಗಿದಳು. ಇನ್ನೊಂದು ಸಲ ಕೇಳಲಿ ಎಂದು ಎಷ್ಟು ಆಸೆಪಟ್ಟೆನೆಂದರೆ, ಬೇಕೆಂದೇ ಹೆಜ್ಜೆ ನಿಧಾನ ಮಾಡಿದೆ. ಅವಳೂ ನಿಧಾನ ಮಾಡಿದಳು, ಕೇಳಲಿಲ್ಲ.