ಕಣ್ಣಿನ ಸರದಿ

ಮತ್ತೆ ಅದೇ ಟಕ್ ಟಕ್, ನನ್ನ ಕುರ್ಚಿಯ ಹಿಂದೆ ನಿಂತು ಪೆನ್ನಿನ ತಲೆ ಒತ್ತುತ್ತಿದ್ದಾನೆ ಜಾಣಪ್ಪ, ಈ ಕಣ್ಣಾಸ್ಪತ್ರೆಯ ಕಂಪ್ಯೂಟರ್ ವಿಭಾಗದ ಹೊಸ ಮುಖ್ಯಸ್ಥ, ಹೆಸರು ನಾನಿಟ್ಟದ್ದು, ಮನಸ್ಸಿನೊಳಗೆ ಮಾತ್ರ — ಇನ್ನೆಷ್ಟು ಹೊತ್ತು ಮೇಡಂ, ಆಗುತ್ತೆ ಸರ್, ಡೇಟಾಬೇಸ್ ಹೊಸ ವರ್ಷನ್‌ಗೆ ಹೋಗೋದು ಅಂದ್ರೆ ಮನೆ ಬದಲಾಯಿಸಿದ ಹಾಗೆ — ಸರ್ ಅಂತೆ, ನನ್ನ ಬಾಯಲ್ಲಿ, ಇವನಿಗೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೀಬೋರ್ಡ್ ಮುಟ್ಟಲು ಹೆದರುತ್ತಿದ್ದವನಿಗೆ, ಅಕ್ಕಾ ಇದು ಹೇಗೆ, ಅಕ್ಕಾ ಅದು ಯಾಕೆ ಹಾಗೆ ಬಂತು, ಕೈಹಿಡಿದು ಕಲಿಸಿದೆ, ನನ್ನ ಊಟದ ಡಬ್ಬಿಯಲ್ಲೇ ಅರ್ಧ ಕೊಟ್ಟೆ, ಹತ್ತಿದ ಮೇಲೆ ಏಣಿ ಒದ್ದ, ನಾನು ಬರೆದದ್ದನ್ನೆಲ್ಲ ನಿರ್ದೇಶಕರ ಮುಂದೆ ತನ್ನದೆಂದು ತೋರಿಸಿ ನನಗೆ ಬರಬೇಕಿದ್ದ ಕುರ್ಚಿಯಲ್ಲಿ ಹೋಗಿ ಕೂತ, ಅವತ್ತಿನಿಂದ ಅಕ್ಕ ಹೋಗಿ ಮೇಡಂ ಬಂತು, ಹೊಟ್ಟೆ ಉರಿಯುತ್ತದೆ, ಈಗಲೂ, ಬಿಟ್ಟುಬಿಡೇ, ದೇವರು ನೋಡ್ಕೋತಾನೆ ಅನ್ನುತ್ತಾಳೆ ಅಮ್ಮ, ದೇವರಿಗೆ ನೂರೆಂಟು ಕೆಲಸ ಅಮ್ಮಾ, ಪಾಸ್‌ವರ್ಡ್ ಇರುವುದು ನನ್ನ ಹತ್ತಿರ.

ನಾನು ಏನೂ ಮಾಡಬೇಕಾಗಿಲ್ಲ, ಅದೇ ಚಂದ, ತೆಪ್ಪಗಿದ್ದರೆ ಸಾಕು — ಇವನು ಸ್ವಂತವಾಗಿ ಬರೆದ ಪ್ರೋಗ್ರಾಂ ಇಡೀ ಆಸ್ಪತ್ರೆಯಲ್ಲಿ ಒಂದೇ, ದಾನದ ಕಣ್ಣಿಗೆ ಕಾಯುವವರ ಪಟ್ಟಿ ತೆಗೆಯುವುದು, ಮೊದಲು ಬಂದವರ ಹೆಸರು ಮೊದಲು, ಆದರೆ ಸರದಿಯ ಪ್ರಕಾರ ಕೊಡು ಎಂದು ಅದರಲ್ಲಿ ಎಲ್ಲೂ ಹೇಳಿಲ್ಲ, ಮರೆತಿದ್ದಾನೆ, ಡೇಟಾಬೇಸಿನ ಹಳೆಯ ಆವೃತ್ತಿ ಪಾಪ ಹೇಳದಿದ್ದರೂ ತಾನಾಗಿ ಸರದಿಯಲ್ಲೇ ಕೊಡುತ್ತಿತ್ತು, ಹೊಸದಕ್ಕೆ ಆ ದಾಕ್ಷಿಣ್ಯವಿಲ್ಲ, ಬಾಯಿಬಿಟ್ಟು ಕೇಳದಿದ್ದರೆ ಕೈಗೆ ಸಿಕ್ಕವರನ್ನು ಮೇಲೆ ತರುತ್ತದೆ, ಒಂದು ಸಾಲು ಸೇರಿಸಿದರೆ ಮುಗಿಯಿತು, ಹೇಳೋಣವೆಂದು ಅವನ ಬಾಗಿಲ ತನಕ ಹೋಗಿದ್ದೆ, ಒಳಗೆ ಫೋನಿನಲ್ಲಿ ನಿರ್ದೇಶಕರ ಹತ್ತಿರ, ಆ ಮೇಡಂಗೆ ವಯಸ್ಸಾಯ್ತು ಸರ್, ಹೊಸದು ತಲೆಗೆ ಹತ್ತಲ್ಲ, ಇದೊಂದು ಮುಗೀಲಿ, ಆಮೇಲೆ ಮನೆಗೆ ಕಳಿಸೋಣ — ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಬಂದೆ. ಸೋಮವಾರ ನಿರ್ದೇಶಕರೆಲ್ಲ ಬಂದು ಕೂರಲಿ, ದೊಡ್ಡ ಪರದೆಯ ಮೇಲೆ ನಿನ್ನ ಪಟ್ಟಿ ಬರಲಿ, ತಾರೀಕುಗಳೆಲ್ಲ ಹಿಂದುಮುಂದಾಗಿ, ಬೆವರು ಒರೆಸಿಕೊಳ್ಳಲು ಕರವಸ್ತ್ರ ತಂದಿರು, ಮಾಡಿದ್ದುಣ್ಣೋ ಮಹರಾಯ, ಯಾರಿಗೂ ನಷ್ಟವಿಲ್ಲ, ಇವತ್ತು ಶನಿವಾರ, ನಾಳೆ ರಜೆ, ಅಷ್ಟರಲ್ಲಿ ಪಟ್ಟಿ ಯಾರು ತೆಗೆಯುತ್ತಾರೆ, ಅಲ್ಲೇ ಸರಿಮಾಡಿ ಕೊಡುತ್ತೇನೆ, ಬಾಯ್ತುಂಬ ಅಕ್ಕಾ ಅನ್ನಿಸಿಕೊಂಡೇ ಕೊಡುತ್ತೇನೆ.

ಮುಗಿಯಿತು, ಹೊಸದು ಎದ್ದು ನಿಂತಿತು, ಪರವಾಗಿಲ್ವೇ ಮೇಡಂ ಅನ್ನುತ್ತಿದ್ದಾನೆ — ಫೋನು, ಶನಿವಾರ ಮಧ್ಯಾಹ್ನ ಯಾರಪ್ಪಾ, ಅವನೇ ಎತ್ತಿದ, ಹೇಳಿ ಡಾಕ್ಟ್ರೇ, ಓ, ದಾನದ ಕಣ್ಣು ಬಂದಿದ್ಯಾ, ಒಂದೇನಾ, ಸಿಸ್ಟಮ್ ಈಗ ತಾನೇ ಶುರುವಾಯ್ತು, ನಾನೇ ಓದ್ತೀನಿ ಬರ್ಕೊಳ್ಳಿ, ನನ್ನ ಭುಜದ ಮೇಲಿಂದ ಬಾಗಿ ಪಟ್ಟಿ ತೆರೆದ, ಪರದೆಗೆ ಬೆರಳಿಟ್ಟ, ಮೊದಲ ಹೆಸರಿನ ಕೆಳಗೆ, ಯಾರೋ ಮೊನ್ನೆ ಸೇರಿದವರು, ತಾರೀಕಿನ ಕಡೆ ನೋಡಲೂ ಇಲ್ಲ, ಆ ಬೆರಳು — ಅಲ್ಲಿರಬೇಕಾದದ್ದು ದರ್ಜಿ ಅಜ್ಜಿ, ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂರುವವಳು, ನನ್ನ ಚಪ್ಪಲಿಯ ಸದ್ದಿಗೇ ಮುಖ ತಿರುಗಿಸಿ, ಬಂದ್ಯಾ ತಾಯೀ, ಸೂಜಿಗೆ ದಾರ ಪೋಣಿಸೋಷ್ಟು ಕಂಡ್ರೆ ಸಾಕು ನಂಗೆ, ಇನ್ನು ನೀವೇ ಮೊದಲು ಅಜ್ಜಿ ಅಂದವಳು ನಾನೇ, ಈಗ ಎಷ್ಟು ಕೆಳಗಿದ್ದಾಳೋ — ಬೆರಳು ಅಲ್ಲೇ ಇದೆ — ಹೇಳು, ತಡಿ, ಅದು ತಪ್ಪು ಅನ್ನು, ಅಂದರೆ ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ ಅನ್ನುತ್ತಾನೆ, ಗೊತ್ತಿದ್ದೂ ಸುಮ್ನೆ ಬಿಟ್ರಾ, ಆಗ ಬೆವರು ಯಾರಿಗೆ, ಬಾಯಿ ತೆರೆದರೆ ಗೆಲ್ಲುವವನು ಇವನೇ, ಮತ್ತೆ ಇವನೇ — ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಾನೆ, ಅತ್ತ ಡಾಕ್ಟರು ಬರೆದುಕೊಳ್ಳುತ್ತಿದ್ದಾರೆ, ಹೂಂ, ಹೂಂ, ಫೋನ್ ನಂಬರೂ ಓದಿಬಿಡ್ಲಾ ಡಾಕ್ಟ್ರೇ, ಬೆರಳು ಪಕ್ಕಕ್ಕೆ ಸರಿಯಿತು, ಅವನ ಬೆರಳು, ಉಗುರಿನ ಮೇಲ್ಗಡೆ ಬೇರೆ ಯಾರದೋ ನಂಬರು, ಅಜ್ಜಿಯದಲ್ಲ, ಆ ಬೆರಳು —