ನೋಟರಿಯಲ್ಲದ ನೋತೇರ್

ಕುರ್ಚಿಯಲ್ಲಿ ಕುಳಿತು ಪದ ಹುಡುಕುವುದು ನಮ್ಮ ಅನುವಾದಕಿ ಮೇಡಂ ಅವರ ಜಾಯಮಾನಕ್ಕೇ ಒಗ್ಗಿದ್ದಲ್ಲ. ಫ್ರೆಂಚ್ ದಸ್ತಾವೇಜಿನ ಯಾವುದೋ ಒಂದು ಶಬ್ದ ಇಂಗ್ಲಿಷಿಗೆ ಬರಲೊಲ್ಲೆನೆಂದು ಹಟ ಹಿಡಿದೊಡನೆ ದಡಕ್ಕನೆ ಎದ್ದು, ಮೊಣಕೈ ಸವೆದ ಕಂದು ಕೋಟಿನ ಜೇಬುಗಳಿಗೆ ಎರಡೂ ಕೈ ತುರುಕಿ, ನಮ್ಮ ಅನುವಾದ ಕಚೇರಿಯ ಇಕ್ಕಟ್ಟಾದ ಕಾರಿಡಾರಿನಲ್ಲಿ ಶತಪಥ ಹಾಕತೊಡಗುತ್ತಿದ್ದರು. "ಥತ್! ಎರಡು ದೇಶದೋರೂ ಸೇರಿ ನನ್ನ ಪ್ರಾಣ ತೆಗೀತಾರೆ" ಎಂಬ ಉದ್ಗಾರ ಕೇಳಿಬಂದರೆ, ಅಂದು ಪುಟದ ಬುಡದಲ್ಲಿ ಏಳೆಂಟು ಸಾಲಿನ ಅಡಿಟಿಪ್ಪಣಿ ನಿಶ್ಚಿತ. ಬೇಸತ್ತ ವಕೀಲರು ಅವರಿಗೆ ‘ಟಿಪ್ಪಣಿ ಮೇಡಂ’ ಎಂದು ನಾಮಕರಣ ಮಾಡಿದ್ದರು.

ಮನೆಯಲ್ಲೂ ಇದೇ ಗೋಳು. "ಊಟಕ್ಕೆ ಬರ್ತೀಯೋ ಇಲ್ವೋ, ಒಂದೇ ಮಾತಲ್ಲಿ ಹೇಳೇ" ಎಂದು ಅಕ್ಕ ಫೋನಿನಲ್ಲಿ ಗದರಿದರೆ, "ಒಂದೇ ಮಾತಲ್ಲಿ ಹೇಳಿದ್ರೆ ತಪ್ಪಾಗುತ್ತಕ್ಕಾ" ಎನ್ನುವ ಆಸಾಮಿ.

ಒಮ್ಮೆ ಒಬ್ಬ ವಿಧವೆಯ ದಾವೆ ಬಂತು. ಗಂಡ ಬದುಕಿದ್ದಾಗ ಮನೆಯನ್ನು ಆಕೆಗೆ ಫ್ರೆಂಚಿನಲ್ಲಿ ದಾನಪತ್ರ ಮಾಡಿಕೊಟ್ಟಿದ್ದ. ಅಣ್ಣನಿಗೆ ಅರ್ಥವೇ ಆಗದ ಕಾಗದಕ್ಕೆ ಸಹಿ ಹಾಕಿಸಿದ್ದಾರೆಂದು ಮೈದುನ ಮೊಕದ್ದಮೆ ಹೂಡಿದ್ದ. ಆ ಪತ್ರ ಬರೆದವನು ಫ್ರೆಂಚರ ‘ನೋತೇರ್’. ಇಂಗ್ಲಿಷರ ನೋಟರಿ ಬಹುಮಟ್ಟಿಗೆ ಸಹಿ ನೋಡಿ ಮೊಹರು ಒತ್ತುವವನು; ಈ ನೋತೇರನಾದರೋ ಪತ್ರವನ್ನು ತಾನೇ ರಚಿಸಿ, ಓದಿ ತಿಳಿಹೇಳಿ, ಮೂಲಪ್ರತಿಯನ್ನು ತನ್ನಲ್ಲೇ ಕಾಪಿಡುವ, ಸರಕಾರ ನೇಮಿಸಿದ ಅಧಿಕಾರಿ. ಮೇಡಂ ಶಬ್ದವನ್ನು ಹಾಗೆಯೇ ಉಳಿಸಿ, ಕೆಳಗೆ ವಿವರಣೆ ಬರೆದರು.

ವಿಧವೆಯ ವಕೀಲರು ಹಣೆ ಚಚ್ಚಿಕೊಂಡರು. "ಒಂದು ಪದ ಕೇಳಿದ್ರೆ ಪುರಾಣ ಕೊಡ್ತೀರಲ್ಲ! ನೋಟರಿ ಅಂತ ಬರೆದು ಮುಗಿಸಿ."

"ನಿಮ್ಮ ಬೀಗರನ್ನ ಬರೀ ರಿಲೇಟಿವ್ ಅಂತ ಬರೆದು ಮುಗಿಸ್ಲಾ? ಸುಮ್ನಿರ್ತಾರಾ ಅವ್ರು?"

ವಕೀಲರು ನಕ್ಕು ಹೋದರು. ಹೋದವರು ಟಿಪ್ಪಣಿಯನ್ನು ಕಿತ್ತು, ನೋಟರಿ ಎಂದೇ ತಿದ್ದಿ ನ್ಯಾಯಾಲಯಕ್ಕೆ ಸಲ್ಲಿಸಿದರು. "ಮೊಹರು ಒತ್ತುವವನು ಅರ್ಥ ಹೇಳಿಕೊಡ್ತಾನಾ ಸ್ವಾಮಿ?" ಎಂದು ಎದುರಾಳಿ ವಕೀಲ ಕೇಳಿದಾಗ ನ್ಯಾಯಾಧೀಶರು ತಲೆದೂಗಿದರು. ಅನುವಾದ ಸರಿಯೆಂದು ಪ್ರಮಾಣ ಮಾಡಲು ಬಂದಿದ್ದ ಮೇಡಂ ಕಟಕಟೆಯಲ್ಲಿ ಹಾಳೆ ತಿರುವಿದರು, ಕಿವಿ ಕೆಂಪಾಯಿತು.

"ಇದು ನನ್ನ ಅನುವಾದ ಅಲ್ಲ."

ಕರೆತಂದ ವಕೀಲರ ಮುಖ ಸುಣ್ಣವಾಯಿತು. ಕೈಬಿಟ್ಟರೆಂದು ಭಾವಿಸಿದ ವಿಧವೆ ಸೆರಗು ಬಾಯಿಗೊತ್ತಿಕೊಂಡಳು. ಮೇಡಂ ದನಿ ಮಾತ್ರ ಕದಲಲಿಲ್ಲ: "ಆ ದೇಶದ ಕಾನೂನು ಹೇಳೋ ಅಧಿಕಾರ ನನಗಿಲ್ಲ. ಈ ಪದ ಆ ಪದ ಅಲ್ಲ ಅನ್ನೋದನ್ನ ಮಾತ್ರ ಹೇಳ್ಬಲ್ಲೆ."

ನ್ಯಾಯಾಧೀಶರು ಮೂಲ ಅನುವಾದ ತರಿಸಿದರು. ಫ್ರೆಂಚ್ ಕಾನೂನಿನ ತಜ್ಞರನ್ನು ಕರೆಸಿದರು. ಮೂರು ತಿಂಗಳ ಮೇಲೆ ಆ ಮಹಾಶಯರು ಅರ್ಧ ದಿನ ಹೇಳಿದ್ದು ಮೇಡಂ ಟಿಪ್ಪಣಿಯ ಏಳು ಸಾಲನ್ನೇ. ಮನೆ ಉಳಿಯಿತು. ಕೈಮುಗಿಯಲು ಬಂದ ವಿಧವೆಗೂ, "ನಿಮ್ಮ ವಕೀಲರು ಮೊದಲೇ ಟಿಪ್ಪಣಿ ಓದಿದ್ದಿದ್ರೆ ನಿಮ್ಗೆ ಮೂರು ತಿಂಗಳು ಈ ಸಂಕಟ ಇರ್ತಿರ್ಲಿಲ್ಲ" ಎಂದು ಸಿಡುಕಿ, ತಾವು ಕೂರದ ತಮ್ಮ ಕುರ್ಚಿಯನ್ನು ಎಳೆದುಕೊಟ್ಟರು. ವಕೀಲರಿಂದ ಒಂದು ಕೃತಜ್ಞತೆಯ ಮಾತೂ ಬರಲಿಲ್ಲ.

ಅವಸರದ ಲೋಕಕ್ಕೆ ಹತ್ತಿರಹತ್ತಿರದ ಮಾತೇ ಸಾಕು. ‘ಇದು ಅದಲ್ಲ’ ಎಂದು ಅಡ್ಡ ನಿಲ್ಲುವ ಇಂಥ ಜೀವಗಳು ಜೊತೆಗಿರುವಷ್ಟು ದಿನವೂ ತಲೆನೋವೇ. ಅವರನ್ನು ಪ್ರೀತಿಸುವುದು ಕಷ್ಟ. ಆದರೆ ನಮ್ಮ ಮಾತನ್ನು ಇನ್ನೊಬ್ಬರ ಬಾಯಿಗೆ ಒಪ್ಪಿಸಬೇಕಾದ ಗಳಿಗೆ ಬಂದರೆ, ಕಣ್ಣುಮುಚ್ಚಿ ನಂಬಬಹುದಾದವರು ಅವರು ಮಾತ್ರ.